ಕೈಯಲ್ಲಿ ಇರುವಷ್ಟರಲ್ಲೇ ಹೋಗಿ ಬಾ

ಬ್ಯಾಡಗಿಯ ಗೆಳತಿಯನ್ನು ನೋಡಬೇಕು ಅನ್ನುತ್ತೀಯ, ಅದರ ಬೆನ್ನಿಗೇ ‘ಈ ತಿಂಗಳು ಬೇಡ, ಬೋನಸ್ ಬರಲಿ’ ಅಂತ ಸುಮ್ಮನಾಗುತ್ತೀಯ. ನಾನು ಗಮನಿಸುತ್ತಲೇ ಇದ್ದೇನೆ ಮಗಳೇ. ಒಂದೇ ಗಾರ್ಮೆಂಟ್ಸಿನಲ್ಲಿ ಅಕ್ಕಪಕ್ಕದ ಮಿಷನ್ನಿಗೆ ಕೂತು ಹೊಲಿದವರು ನೀವು. ಅವಳ ಎರಡನೇ ಮಗುವನ್ನು ನೀನಿನ್ನೂ ಫೋನಿನಲ್ಲಷ್ಟೇ ನೋಡಿದ್ದೀಯ. ಬೋನಸ್ ಬರುವ ದಿನ ಬಾಡಿಗೆ, ಸ್ಕೂಲ್ ಫೀಸು ಎಲ್ಲಾ ಬಾಗಿಲಲ್ಲೇ ನಿಂತಿರುತ್ತವೆ. ಅದನ್ನು ನಂಬಿ ಕೂರಬೇಡ.

ಬಸ್ಸಿಗೆ ನಿನಗೆ ದುಡ್ಡು ಬೇಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ; ರಾಜ್ಯದೊಳಗೆ ಸಾಮಾನ್ಯ ಬಸ್ಸು, ವೇಗದೂತ ಎರಡರಲ್ಲೂ ನಮ್ಮ ಹೆಣ್ಣುಮಕ್ಕಳಿಗೆ ಪುಕ್ಕಟೆ. ರಾಜಹಂಸ, ಸ್ಲೀಪರ್, ಐರಾವತ ಹತ್ತಿದರೆ ಮಾತ್ರ ದುಡ್ಡು ಕೊಡಬೇಕು. ಆಧಾರ್ ಕೈಗೆ ಸಿಗುವ ಹಾಗಿರಲಿ, ಶೂನ್ಯ ಟಿಕೆಟನ್ನು ಇಳಿಯುವವರೆಗೆ ಬಿಸಾಡಬೇಡ.

ನಮ್ಮ ಕಡೆಯವರು ರಿಂಗ್ ರೋಡಿನಲ್ಲಿ ಗೊರಗುಂಟೆಪಾಳ್ಯಕ್ಕೆ ಹೋಗಿ ಹತ್ತುತ್ತಾರೆ. ಶನಿವಾರ ಸಂಜೆ ಅಲ್ಲಿಗೆ ಬರುವಷ್ಟರಲ್ಲಿ ಬಸ್ಸು ತುಂಬಿ ತುಳುಕುತ್ತಿರುತ್ತದೆ. ಬ್ಯಾಡಗಿಗೆ ಬಸ್ಸು ಬದಲಿಸುವ ರಾಣೆಬೆನ್ನೂರು ಇಲ್ಲಿಂದ ಸುಮಾರು 300 ಕಿಲೋಮೀಟರ್, ನಿಂತುಕೊಂಡು ಹೋಗುವ ದಾರಿಯಲ್ಲ. ಮೂಡಲಪಾಳ್ಯದಿಂದ ಬಿಎಂಟಿಸಿಯಲ್ಲಿ ಮೆಜೆಸ್ಟಿಕ್‌ಗೇ ಹೋಗು, ಅದೂ ಪುಕ್ಕಟೆಯೇ. ಹೊರಡುವ ಕಡೆಯೇ ಹತ್ತಿದರೆ ಕೂರಲು ಜಾಗ ಸಿಕ್ಕೀತು. ರಾಣೆಬೆನ್ನೂರಲ್ಲಿ ಬೆಳಗಿನ ಜಾವ ಇಳಿದರೆ, ಬೆಳಕು ಹರಿಯುವ ತನಕ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದು ಆಮೇಲೆ ಬ್ಯಾಡಗಿ ಬಸ್ಸು ಹಿಡಿ.

ದುಡ್ಡು ಸೋರುವುದು ಬೇರೆ ಕಡೆ. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಅದೇ ನಿನಗೆ ದೊಡ್ಡ ಖರ್ಚು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದೂ ಫ್ಯಾಕ್ಟರಿಯವರು ಸಂಬಳ ಸಮೇತ ಕೊಡಲೇಬೇಕಾದ ರಜೆಗಳು. ಯಾವುದು ಶನಿವಾರವೋ ಸೋಮವಾರವೋ ಬೀಳುತ್ತದೆ ಅಂತ ಕ್ಯಾಲೆಂಡರ್ ನೋಡಿ ಈಗಲೇ ಗುರುತು ಹಾಕು. ದಾರಿಯ ಹೋಟೆಲಿನಲ್ಲಿ ಇಳಿಯಬೇಡ, ಪುಳಿಯೋಗರೆ ಕಲಸಿಕೊಂಡು ಹೋಗು, ಮಾರನೇ ದಿನಕ್ಕೂ ಕೆಡುವುದಿಲ್ಲ. ಸಂಘದ ಕಂತಿನ ದುಡ್ಡಿಗೆ ಮಾತ್ರ ಕೈ ಹಾಕಬೇಡ.

ಬರಿಗೈಲಿ ಹೋಗಲು ನಾಚಿಕೆ ಅನ್ನುತ್ತೀಯಲ್ಲ, ಬೇಕರಿಯ ಸ್ವೀಟ್ ಬಾಕ್ಸಿಗೆ ಸುರಿಯುವ ದುಡ್ಡಿನಲ್ಲಿ ಮಗುವಿಗೆ ಒಂದು ತುಂಡು ಬಟ್ಟೆ ತಂದು ನೀನೇ ಫ್ರಾಕ್ ಹೊಲಿ. ಒಳಗಡೆ ಒಂದಿಂಚು ಹೆಚ್ಚಿಗೆ ಬಿಟ್ಟು ಹೊಲಿ, ಬಿಚ್ಚಿಕೊಂಡರೆ ಬರುವ ವರ್ಷಕ್ಕೂ ಆಗುತ್ತದೆ. ನಿನ್ನ ಹೊಲಿಗೆ ಯಾವುದು ಅಂತ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಹೊರಡುವ ಮೊದಲು ಫೋನ್ ಮಾಡಿ ಬಾಯಿಬಿಟ್ಟು ಹೇಳು: ‘ಕೈ ಬಿಗಿ ಇದೆ ಕಣೇ, ನಿನ್ನ ನೋಡೋಕೆ ಅಂತಲೇ ಬರ್ತಿದೀನಿ, ನೀನೂ ಕೋಳಿ ಗೀಳಿ ಅಂತ ಖರ್ಚು ಮಾಡಬೇಡ.’ ಇಷ್ಟು ಹೇಳಿಕೊಳ್ಳಲು ಆಗುವವಳು ಅಂತಲೇ ಅಲ್ಲವೇ ಅವಳು ನಿನಗೆ ಬೇಕಾದವಳು.

ಅವಳ ಕೂಲಿಯನ್ನೂ ಲೆಕ್ಕಕ್ಕಿಟ್ಟುಕೋ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರ. ಸುಗ್ಗಿಯಲ್ಲಿ ಅವಳಂತೆ ತೊಟ್ಟು ಬಿಡಿಸುವ ಹೆಂಗಸರಿಗೆ ಬಿಡುವಿಲ್ಲದ ಕೆಲಸ. ನೀನು ಬಂದೆ ಅಂತ ಅವಳು ಮನೆಯಲ್ಲಿ ಕೂತರೆ ಅವಳ ದಿನದ ದುಡಿಮೆ ಹೋಯಿತು. ಅದರ ಬದಲು ಅವಳ ಪಕ್ಕದಲ್ಲಿ ಕೂತು ನೀನೂ ತೊಟ್ಟು ಬಿಡಿಸು. ಸೂಪರ್‌ವೈಸರ್ ಕಣ್ಣು ತಪ್ಪಿಸಿ ಆಡುತ್ತಿದ್ದ ಮಾತನ್ನೆಲ್ಲ ಅಲ್ಲಿ ಬಾಯ್ತುಂಬ ಆಡಬಹುದು. ಆ ಕಾಯಿಗೆ ಖಾರಕ್ಕಿಂತ ಬಣ್ಣ ಜಾಸ್ತಿ, ಆದರೂ ಘಾಟಿದೆ. ಮೂಗಿಗೆ ಬಟ್ಟೆ ಕಟ್ಟಿಕೋ, ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಾಕಿ ಕೈ ತೊಳೆ.

ಬರುವಾಗ ಅವಳನ್ನೂ ಇಲ್ಲಿಗೆ ಕರೆದು ಬಾ. ಒಂದೇ ರೂಮಿನ ಮನೆಯಲ್ಲಿ ಎಲ್ಲಿ ಮಲಗಿಸಲಿ ಅಂತ ಯೋಚನೆ ಮಾಡಬೇಡ. ನಮ್ಮ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಕೊಡುತ್ತೇನೆ, ಮಕ್ಕಳನ್ನೂ ಕರೆದುಕೊಂಡು ಬರಲಿ.