ಇಕೋ ಮೋಡ್: ಉಳಿಸುವುದು ಗುಂಡಿಯೋ, ಕಾಲೋ?

ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ‘ಇಕೋ’ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲಿನ ‘ಇನ್ನು ಇಷ್ಟು ಕಿ.ಮೀ.’ ಎಂಬ ಅಂಕಿ ಏರುತ್ತದೆ. ಬ್ಯಾಟರಿಯಲ್ಲಿ ವಿದ್ಯುತ್ ಹೆಚ್ಚಾಯಿತೇ? ಇಲ್ಲ. ಶಕ್ತಿಯನ್ನು ಸೃಷ್ಟಿಸಲಾಗದು ಎಂಬ ನಿಯಮ ಕಾರಿಗೂ ಅನ್ವಯಿಸುತ್ತದೆ. ಏರಿದ್ದು ಕಂಪ್ಯೂಟರಿನ ಅಂದಾಜು ಮಾತ್ರ. ಆ ಅಂದಾಜನ್ನು ನಂಬಿ ಘಾಟಿ ಹತ್ತಿದವರು ನಡುದಾರಿಯಲ್ಲಿ ನಿಲ್ಲಬಾರದಲ್ಲವೇ? ಆದ್ದರಿಂದ ಇಕೋ ಮೋಡ್ ನಿಜವಾಗಿ ಏನು ಮಾಡುತ್ತದೆಂದು ನಾವು ಕಲಿಯುವ ಭೌತಶಾಸ್ತ್ರದಿಂದಲೇ ನೋಡೋಣ.

ಮೂರು ಕೆಲಸಗಳು

ಮೊದಲನೆಯದು, ಪೆಡಲನ್ನು ಮೃದುಗೊಳಿಸುವುದು. ಕಾಲು ಅಷ್ಟೇ ಒತ್ತಿದರೂ ಮೋಟಾರಿಗೆ ಕಡಿಮೆ ಪ್ರವಾಹ ಹರಿಯುತ್ತದೆ. ಕಾರು ನಿಧಾನವಾಗಿ ವೇಗ ಪಡೆಯುತ್ತದೆ. ಇದರಿಂದೇನು ಲಾಭ? ರೋಧದಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ ಅರ್ಧವಾದರೆ ಪ್ರತಿ ಸೆಕೆಂಡಿನ ಉಷ್ಣ ನಾಲ್ಕನೇ ಒಂದು ಭಾಗ. ಅದೇ ವೇಗ ತಲುಪಲು ಎರಡು ಪಟ್ಟು ಸಮಯ ಹಿಡಿದರೂ ಒಟ್ಟು ಉಷ್ಣನಷ್ಟ ಅರ್ಧವೇ.

ಎರಡನೆಯದು, ಎ.ಸಿ.ಯ ಬಳಕೆಯನ್ನು ಹಿಡಿತದಲ್ಲಿಡುವುದು.

ಮೂರನೆಯದು, ಕೆಲವು ಕಾರುಗಳಲ್ಲಿ ಬ್ರೇಕಿನ ಶಕ್ತಿಯನ್ನು ಹೆಚ್ಚಾಗಿ ಮರಳಿ ಪಡೆಯುವುದು. ಪೆಡಲಿನಿಂದ ಕಾಲು ತೆಗೆದಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ. ಮೋಟಾರು ಜನರೇಟರ್ ಆಗುತ್ತದೆ. ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. 1600 ಕೆ.ಜಿ. ತೂಕದ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ 3,20,000 ಜೌಲ್. ಸಾಮಾನ್ಯ ಬ್ರೇಕ್ ಇದನ್ನೆಲ್ಲ ಬಿಸಿಯಾಗಿ ಕಳೆಯುತ್ತದೆ. ಇಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ಪೂರ್ತಿ ಎಂದೂ ಮರಳದು.

ಗುಂಡಿಗೆ ಆಗದ ಕೆಲಸ

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಗಾಳಿಯ ತಡೆಯೇ ದೊಡ್ಡ ಖರ್ಚು. ಅದು ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. 80ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ತಡೆ ಸುಮಾರು 56% ಹೆಚ್ಚು. ಇಕೋ ಒತ್ತಿಕೊಂಡು 100ರಲ್ಲೇ ಓಡಿಸಿದರೆ ಗಾಳಿಗೆ ಅದು ಗೊತ್ತಾಗುವುದಿಲ್ಲ.

ಏರುದಾರಿಯ ಲೆಕ್ಕವೂ ಹಾಗೆಯೇ. ಮಂಗಳೂರಿನಿಂದ ಸಕಲೇಶಪುರಕ್ಕೆ ಹೋಗುವಾಗ ಕಾರು ಸುಮಾರು 900 ಮೀಟರ್ ಮೇಲೇರುತ್ತದೆ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಮೂರನ್ನೂ ಗುಣಿಸಿ: 1600 × 9.8 × 900, ಅಂದರೆ ಸುಮಾರು 1 ಕೋಟಿ 41 ಲಕ್ಷ ಜೌಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಹಾಗಾಗಿ ಸುಮಾರು 4 ಯೂನಿಟ್. 30 ಯೂನಿಟ್ ಹಿಡಿಸುವ ಬ್ಯಾಟರಿಯಲ್ಲಿ ಇದು ಶೇ. 13ರಷ್ಟು, ಬರೀ ಎತ್ತರಕ್ಕಾಗಿ! ಯಾವ ಮೋಡ್ ಕೂಡ ಇದನ್ನು ಕಡಿಮೆ ಮಾಡಲಾರದು. ಇಳಿಯುವಾಗ ಒಂದಿಷ್ಟು ವಾಪಸು ಸಿಗುತ್ತದೆ. ಆದರೆ ಮೊದಲು ಹತ್ತಿ ಮುಗಿಸಬೇಕು.

ಆದ್ದರಿಂದ ಇಕೋ ಮೋಡ್ ನಮ್ಮ ಕಾಲಿಗೆ ಹಾಕಿದ ಕಡಿವಾಣವಷ್ಟೇ. ಮೆಲ್ಲಗೆ ವೇಗ ಹೆಚ್ಚಿಸುವ, ಮುಂದಿನ ಸಿಗ್ನಲ್ ನೋಡಿ ಮೊದಲೇ ಕಾಲು ತೆಗೆಯುವ ಚಾಲಕನಿಗೆ ಗುಂಡಿ ಒತ್ತದಿದ್ದರೂ ಬಹುಪಾಲು ಉಳಿತಾಯ ಸಿಗುತ್ತದೆ. ವುಝೂ ಮಾಡುವಾಗಲೂ ನೀರು ಪೋಲಾಗಬಾರದೆಂದು ಚಿಕ್ಕಂದಿನಲ್ಲೇ ಕಲಿತವರು ನಾವು. ಇಸ್ರಾಫ್, ಅಂದರೆ ದುಂದು, ವಿದ್ಯುತ್ತಿನಲ್ಲೂ ದುಂದೇ.

ಮಾಡಿ ನೋಡಿ: ಮೇಲಿನ ಕಾರಿನ ವೇಗ ಗಂಟೆಗೆ 36 ಕಿ.ಮೀ. ಆದರೆ ಚಲನಶಕ್ತಿ ಎಷ್ಟು? ಅರ್ಧವೇ, ಕಾಲು ಭಾಗವೇ?