ಜೇಬು ಹಗುರ ಇರಲಿ: ಡೆಲಿವರಿ ಹುಡುಗರಿಗೆ ಒಂಬತ್ತು ಸೂತ್ರಗಳು

ಬೆಂಗಳೂರಿನ ಒಂದು ಹಬ್‌ನಿಂದ ನಾಲ್ಕು ವರ್ಷ ಪಾರ್ಸೆಲ್ ಹಂಚಿದ್ದೇನೆ. ಕಳ್ಳರ ಕೈಗೆ ಸಿಕ್ಕಿದ್ದು ಒಂದೇ ಸಲ, ಅದೂ ನಾಗರಬಾವಿಯಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ. ಮೂರನೇ ಮಹಡಿಗೆ ಒಂದು ಸೀರೆ ಕೊಟ್ಟು ಇಳಿದು ಬಂದರೆ ಗಾಡಿ ಇದೆ, ಬ್ಯಾಗ್ ಇಲ್ಲ. ಬ್ಯಾಗಿಗೆ ಬಿಗಿದಿದ್ದ ಕೊಕ್ಕೆ ಹಗ್ಗವನ್ನು ನೀಟಾಗಿ ಸುತ್ತಿ ಸೀಟಿನ ಮೇಲಿಟ್ಟು ಹೋಗಿದ್ದ, ಪುಣ್ಯಾತ್ಮ. ಹದಿನೇಳು ಪಾರ್ಸೆಲ್ಲಿನ ದುಡ್ಡು ಮೂರು ತಿಂಗಳು ನನ್ನ ಪೇಔಟ್‌ನಲ್ಲಿ ಡೆಬಿಟ್ ಆಯಿತು. ಈ ಪಟ್ಟಿ ಆ ಮೂರು ತಿಂಗಳ ಗಳಿಕೆ.

1. ಕ್ಯಾಶ್ ಕಡಿಮೆ ಮಾಡಿ. ದಾರಿಯಲ್ಲಿ ಅಡ್ಡಗಟ್ಟುವ ಕಳ್ಳನಿಗೆ ನಿಮ್ಮ ಬ್ಯಾಗಿನಲ್ಲಿರುವ ಚಪ್ಪಲಿ, ಶಾಂಪೂ ಬೇಕಾಗಿಲ್ಲ. ಸಂಜೆ ಏಳರ ಹೊತ್ತಿಗೆ ಸೊಂಟದ ಪೌಚ್ ಎಷ್ಟು ಉಬ್ಬಿದೆ ಅನ್ನುವುದೇ ಅವನ ಲೆಕ್ಕ. ಬಾಗಿಲಲ್ಲಿ ನಿಂತು "ಕ್ಯಾಶಾ, ಸ್ಕ್ಯಾನಾ?" ಅಂತ ಕೇಳಿದರೆ ಅರ್ಧ ಜನ ಪರ್ಸ್ ತರಲು ಒಳಗೆ ಹೋಗುತ್ತಾರೆ. "ಸ್ಕ್ಯಾನ್ ಮಾಡ್ತೀರಾ ಮೇಡಂ?" ಅಂತ ಮಾತ್ರ ಕೇಳಿ, ಕ್ಯೂಆರ್ ಮುಂದೆ ಹಿಡಿಯಿರಿ. ಉಳಿದ ನೋಟನ್ನು ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಸಲ ಹಬ್‌ಗೆ ಕಟ್ಟಿಬಿಡಿ. ಎರಡು ಕಿಲೋಮೀಟರ್ ಪೆಟ್ರೋಲ್ ದಂಡ ಅನ್ನಿಸಬಹುದು, ಅನ್ನಿಸಲಿ. ಇನ್ನು ರಸ್ತೆಯಲ್ಲಿ ನಿಂತು ನೋಟು ಎಣಿಸುವ ಚಟ ಇದ್ದರೆ ಇವತ್ತೇ ಬಿಡಿ.

2. ಹೊಸಿಲು ದಾಟಬೇಡಿ. 2023ರ ಫೆಬ್ರವರಿಯಲ್ಲಿ ಅರಸೀಕೆರೆಯಲ್ಲಿ ಐಫೋನ್ ಕೊಡಲು ಹೋದ ಹುಡುಗನ ಕೊಲೆಯಾಯಿತು. ಪೊಲೀಸರ ಪ್ರಕಾರ ಕೊಂದವನು ಆರ್ಡರ್ ಮಾಡಿದವನೇ. ಕೊಡಬೇಕಿದ್ದದ್ದು 46 ಸಾವಿರ ರೂಪಾಯಿ, ಕೈಯಲ್ಲಿ ಕಾಸಿರಲಿಲ್ಲ. ಹೆಣವನ್ನು ಕೆಲವು ದಿನ ಮನೆಯಲ್ಲೇ ಇಟ್ಟುಕೊಂಡು, ಆಮೇಲೆ ರೈಲು ಹಳಿಯ ಬಳಿ ಒಯ್ದು ಸುಟ್ಟ. ಮರುವರ್ಷ ಲಖನೌದಲ್ಲೂ ಇಂಥದ್ದೇ ನಡೆಯಿತು. ಅಲ್ಲಿ ಹೆಣ ಹೋದದ್ದು ಕಾಲುವೆಗೆ. ಎರಡೂ ಕಡೆ ಕ್ಯಾಶ್ ಆನ್ ಡೆಲಿವರಿ (ಸಿಒಡಿ), ಎರಡೂ ಕಡೆ ದುಬಾರಿ ಫೋನು. ಹಾಗಾಗಿ ಬೆಳಿಗ್ಗೆ ಲೋಡ್ ತೆಗೆದುಕೊಳ್ಳುವಾಗಲೇ ದೊಡ್ಡ ಮೊತ್ತದ ಸಿಒಡಿ ಯಾವುದು ಅಂತ ಗುರುತು ಹಾಕಿ, ಅದನ್ನು ಹಗಲಲ್ಲೇ ಮುಗಿಸಿ. ಹೋಗುವ ಮುಂಚೆ ಜೊತೆಯವನಿಗೆ ಲೈವ್ ಲೊಕೇಶನ್ ಕಳಿಸಿ. "ಒಳಗೆ ಬಂದು ಕೂತ್ಕೊಳ್ಳಿ, ದುಡ್ಡು ತರ್ತೀನಿ" ಅಂದರೆ "ಗಾಡಿ ಹೊರಗಿದೆ ಸಾರ್" ಅನ್ನಿ. ನೀರು ಕೊಟ್ಟರೆ ಬಾಗಿಲಲ್ಲೇ ನಿಂತು ಕುಡಿಯಿರಿ. ನಮ್ಮಲ್ಲಿ ಅದನ್ನು ಮರ್ಯಾದೆಗೇಡು ಅನ್ನುವವರಿದ್ದಾರೆ, ಅಂದುಕೊಳ್ಳಲಿ.

3. ಕೀ ಕೈಯಲ್ಲಿರಲಿ. "ಎರಡೇ ನಿಮಿಷ" ಅಂದುಕೊಂಡು ಇಂಜಿನ್ ಆನ್ ಬಿಟ್ಟು ಓಡುವವರನ್ನು ದಿನಾ ನೋಡುತ್ತೇನೆ. ಗಾಡಿಗೆ ಹ್ಯಾಂಡಲ್ ಲಾಕ್, ಬ್ಯಾಗಿನ ಹಿಡಿಗೆ ಸೈಕಲ್ ಚೈನು. ವ್ಯಾನ್ ಓಡಿಸುವವರು ಹಿಂದಿನ ಬಾಗಿಲಿಗೆ ಪ್ರತಿ ಸಲವೂ ಬೀಗ ಹಾಕಬೇಕು, ನೂರು ಸಲ ಇಳಿದರೂ ನೂರು ಸಲ. ಇಷ್ಟಕ್ಕಿಂತ ಗಟ್ಟಿ ಕಾವಲು ನಿಮ್ಮ ರೂಟಿನ ಜನ: ಎಳನೀರಿನವರು, ಇಸ್ತ್ರಿ ಗಾಡಿಯವರು, ಅಪಾರ್ಟ್‌ಮೆಂಟಿನ ವಾಚ್‌ಮನ್. ದೀಪಾವಳಿಗೆ ಅವರ ಕೈಗೊಂದು ಸ್ವೀಟ್ ಡಬ್ಬ ಇಡಿ. ನನ್ನ ಬ್ಯಾಗ್ ಹೋದದ್ದು ರೂಟ್ ಬದಲಾದ ಎರಡನೇ ದಿನ, ಆ ಬೀದಿಯಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ.

4. "ಸ್ವಲ್ಪ ಮುಂದೆ ಬನ್ನಿ ಬ್ರೋ" ಅನ್ನುವ ಫೋನಿಗೆ ಕುಣಿಯಬೇಡಿ. ವಿಳಾಸ ಒಂದು, ಕರೆಯುವುದು ಖಾಲಿ ಸೈಟಿಗೆ. "ಬೇಕರಿ ಹತ್ರ ನಿಂತಿದ್ದೀನಿ, ನೀವೇ ಬನ್ನಿ" ಅನ್ನಿ. ಬರದಿದ್ದರೆ ಅಟೆಂಪ್ಟ್ ಮಾರ್ಕ್ ಮಾಡಿ ಹೊರಡಿ.

5. ಮ್ಯಾಪ್ ನೋಡುವಾಗ ರಸ್ತೆಗೆ ಬೆನ್ನು ಹಾಕಬೇಡಿ. ಫೋನ್ ಕಿತ್ತುಕೊಳ್ಳುವವರು ಹಿಂದಿನಿಂದಲೇ ಬರುವುದು.

6. ಚಾಕು ಇಲ್ಲದ ದರೋಡೆಯೂ ಇದೆ. "ಬಾಕ್ಸ್ ಒಳಗೆ ಒಯ್ದು ನೋಡ್ಕೊಂಡು ಬರ್ತೀನಿ" ಅಂತಾರೆ. ವಾಪಸ್ ಬರುವಾಗ ಫೋನಿನ ಜಾಗದಲ್ಲಿ ಪಾತ್ರೆ ಸೋಪು. ಓಪನ್ ಬಾಕ್ಸ್ ಡೆಲಿವರಿ ಆದರೆ ನಿಮ್ಮ ಕಣ್ಣೆದುರೇ ತೆರೆಯಬೇಕು. ರಿಟರ್ನ್ ಫೋನಾದರೆ ಐಎಂಇಐ ಹೊಂದಿಸಿ ನೋಡಿ, ಫೋಟೋ ತೆಗೆದು, ಆಮೇಲೆ ಬ್ಯಾಗಿಗೆ.

7. ಚಾಕು ತೋರಿಸಿದರೆ ಕೊಟ್ಟುಬಿಡಿ. ವಾದ ಬೇಡ, ಅಟ್ಟಿಸಿಕೊಂಡು ಹೋಗುವುದು ಬೇಡ. ಹೆಲ್ಮೆಟ್ಟಿನೊಳಗಿನ ಮುಖ ಹೇಗೂ ಕಾಣುವುದಿಲ್ಲ. ಗಾಡಿಯ ಬಣ್ಣ, ನಂಬರಿನ ಕೊನೆಯ ಎರಡು ಅಂಕಿ, ಹೋದ ದಿಕ್ಕು ನೆನಪಿಟ್ಟರೆ ಸಾಕು.

8. ನಷ್ಟ ಯಾರ ತಲೆಗೆ ಅನ್ನುವುದು ಬಹುಪಾಲು ಮೊದಲ ಒಂದು ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಯಾರದಾದರೂ ಫೋನ್ ಇಸ್ಕೊಂಡು 112ಕ್ಕೆ ಕರೆ ಮಾಡಿ, ಆಮೇಲೆ ಟೀಮ್ ಲೀಡರ್‌ಗೆ. "ಅದು ನಮ್ಮ ಲಿಮಿಟ್ಸ್ ಅಲ್ಲ" ಅನ್ನುವ ಪೊಲೀಸರ ಮಾತಿಗೆ ಈಗ ಬೆಲೆಯಿಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು. ಮೊಬೈಲ್ ಕಳೆದಿದೆ ಅಂತ ಬರೆದುಕೊಳ್ಳಲು ಬಿಡಬೇಡಿ. ಕಿತ್ತುಕೊಂಡರು, ಹೆದರಿಸಿದರು ಅನ್ನುವುದು ದೂರಿನಲ್ಲಿ ಇರಲೇಬೇಕು. ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಂನಲ್ಲಿ 10 ವರ್ಷದವರೆಗೆ ಶಿಕ್ಷೆ. ಹೆದ್ದಾರಿಯಲ್ಲಿ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ನಡೆದಿದ್ದರೆ 14 ವರ್ಷದವರೆಗೆ. ಫೋನನ್ನು ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ಬ್ಲಾಕ್ ಮಾಡಿಸಲು ಐಎಂಇಐ ಬೇಕು. *#06# ಒತ್ತಿದರೆ ಬರುತ್ತದೆ, ಬರೆದು ಮನೆಯಲ್ಲಿಡಿ.

ನಾನು ಎಡವಿದ್ದು ಇನ್ನೊಂದು ಕಡೆ. ಬ್ಯಾಗಿನಲ್ಲಿ ಏನೇನಿತ್ತು ಅಂತ ಠಾಣೆಯಲ್ಲಿ ಕೇಳಿದರೆ ಹೇಳಲು ಪಟ್ಟಿಯೇ ಇರಲಿಲ್ಲ. ಈಗ ಹೊರಡುವ ಮುಂಚೆ ಆ ದಿನದ ಲಿಸ್ಟಿನ ಸ್ಕ್ರೀನ್‌ಶಾಟ್ ಮನೆಯವಳ ವಾಟ್ಸ್ಆ್ಯಪ್‌ಗೆ ಹೋಗುತ್ತದೆ. ಅವಳು ಅದನ್ನು ಓದುವುದಿಲ್ಲ, ಅಳಿಸುವುದೂ ಇಲ್ಲ.

9. ವಿಮೆಗೆ ಹೆಸರು ಬರೆಸಿ. ಗಿಗ್ ಕಾರ್ಮಿಕರಿಗೆ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಯೋಜನೆಯಲ್ಲಿ 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ, ಕಂತು ಸರ್ಕಾರದ್ದೇ. ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ. ಕಂಪನಿಯ ವಿಮೆ ಇದೆಯಲ್ಲ ಅನ್ನುವವರು ಒಮ್ಮೆ ಅದರ ಷರತ್ತು ಓದಿ ನೋಡಲಿ, ಲಾಗಿನ್ ಆಗಿದ್ದಾಗ ಮಾತ್ರವೋ ಹೇಗೆ ಅಂತ. ನಾನು ಅರ್ಜಿ ತುಂಬುವಾಗ ನಾಮಿನಿ ಜಾಗ ಖಾಲಿ ಬಿಟ್ಟಿದ್ದೆ, ಅಪಶಕುನ ಅಂತ. ಹೆಂಡತಿ ನೋಡಿ, ಪೆನ್ನು ಕಿತ್ತುಕೊಂಡು ತನ್ನ ಹೆಸರು ತಾನೇ ಬರೆದಳು.