ಹೊತ್ತು ಗೊತ್ತುಮಾಡಿಕೊಳ್ಳಿ

ಮಕ್ಕಳೇ, ಕೋಪರಿಯಲ್ಲಿ ನಿಮ್ಮ ಬೆಳಗು ಹೇಗಿರುತ್ತದೆಂದು ನನಗೆ ಗೊತ್ತು. ನೀರು ತುಂಬಿಸಬೇಕು, ಡಬ್ಬಿ ಕಟ್ಟಬೇಕು, ಠಾಣೆ ಸ್ಟೇಷನ್ನಿಗೆ ಓಡಿ ಐರೋಲಿ, ಘಣಸೋಲಿ, ವಾಶಿಯ ಗಾಡಿ ಹಿಡಿಯಬೇಕು. "ಗಾಡಿಯಲ್ಲೇ ಪ್ರಾರ್ಥನೆ ಮಾಡ್ಕೋತೀನಿ ಅಂಕಲ್" ಎಂದು ಹಲವರು ಹೇಳುತ್ತೀರಿ. ಖಂಡಿತ ಮಾಡಿ. ನೂಕುನುಗ್ಗಲಿನಲ್ಲಿ ನಿಂತು ಕರೆದರೂ ಕರ್ತನು ಕೇಳುತ್ತಾನೆ. ಆದರೆ ಅಷ್ಟಕ್ಕೇ ಬಿಡಬೇಡಿ. ಮಿಕ್ಕ ಹೊತ್ತನ್ನು ದೇವರಿಗೆ ಕೊಡುವುದು ಬೇರೆ, ದೇವರಿಗೆಂದೇ ಹೊತ್ತು ತೆಗೆದಿಡುವುದು ಬೇರೆ.

ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಎಷ್ಟೋ ರೋಗಿಗಳನ್ನು ವಾಸಿಮಾಡಿದ ಯೇಸು ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದನು. ಸೀಮೋನನು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದಾಗ ಆತನು ಆ ಜನರ ಬಳಿಗೆ ಹಿಂದಿರುಗದೆ ಮುಂದಿನ ಊರುಗಳಿಗೆ ಹೊರಟನು. ಯಾವ ಕೆಲಸ ತನ್ನದು ಎಂಬ ನಿಶ್ಚಯ ಆತನಿಗೆ ಆ ಏಕಾಂತದಲ್ಲಿ ಗಟ್ಟಿಯಾಯಿತೆಂದು ನಾನು ನಂಬುತ್ತೇನೆ.

ನಮ್ಮ ಕನ್ನಡ ನೆಲದ ಹೆಣ್ಣುಮಗಳೊಬ್ಬಳ ಮಾತನ್ನೂ ಹೇಳಲೇಬೇಕು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ನೂರಾರು ವಿಧವೆಯರಿಗೂ ಹೆಣ್ಣುಮಕ್ಕಳಿಗೂ ಆಸರೆಯಾದರು. ಅಡುಗೆಮನೆ, ಹೊಲ, ಶಾಲೆ, ಮುದ್ರಣಾಲಯ ಎಲ್ಲವೂ ಅವರ ತಲೆಯ ಮೇಲೆ. 1905ರ ಜೂನ್ ಕೊನೆಯಲ್ಲಿ ಅಲ್ಲಿ ಆದ ಉಜ್ಜೀವನದ ಕಥೆಯನ್ನು ಸಭೆಗಳಲ್ಲಿ ಬೆರಗಿನಿಂದ ಹೇಳುತ್ತಾರೆ. ಅದಕ್ಕೆ ಮುಂಚಿನ ತಿಂಗಳುಗಳನ್ನು ಮಾತ್ರ ಬಿಟ್ಟುಬಿಡುತ್ತಾರೆ. ಆ ವರ್ಷದ ಜನವರಿಯಿಂದಲೇ ರಮಾಬಾಯಿ ಮಿಷನ್ನಿನ ಹೆಣ್ಣುಮಕ್ಕಳನ್ನು ಪ್ರಾರ್ಥನೆಗೆ ಕೂಡಿಸಿದ್ದರು. ಕೂಡುವವರು ಹೆಚ್ಚುತ್ತಾ ಹೋಗಿ, ದಿನಕ್ಕೆರಡು ಹೊತ್ತು ಸೇರುವವರು 550 ಮಂದಿಯಾದರು. ಆ ನಡುವೆ ಏನೂ ಆಗದಂತೆ ತೋರಿದ ದಿನಗಳು ಎಷ್ಟಿದ್ದಾವು! ಆದರೂ ಅವರು ಕೂಡುವುದನ್ನು ಬಿಡಲಿಲ್ಲ. ನನಗೆ ಉಜ್ಜೀವನಕ್ಕಿಂತ ಆ ತಿಂಗಳುಗಳೇ ದೊಡ್ಡವು.

ನಿಮಗೂ ಅಂಥ ದಿನಗಳು ಬರುತ್ತವೆ. ಮೊಣಕಾಲೂರಿದರೂ ಮಾತು ಹೊರಡದು, ಮನಸ್ಸು ಆಫೀಸಿನಲ್ಲೋ ಮನೆಸಾಲದ ಕಂತಿನಲ್ಲೋ ಇರುತ್ತದೆ. ಆಗ ಎದ್ದುಹೋಗಬೇಡಿ. ಒಂದು ಕೀರ್ತನೆ ಓದಿ, ಕರ್ತನ ಪ್ರಾರ್ಥನೆ ಹೇಳಿ, ಸುಮ್ಮನೆ ಕೂತಿರಿ. ಭಕ್ತಿ ಉಕ್ಕಿದಾಗ ಮಾತ್ರ ಪ್ರಾರ್ಥಿಸುವವನು ಕಷ್ಟಕಾಲದಲ್ಲಿ ದೇವರನ್ನು ಹೊಸಬನಂತೆ ಕರೆಯಬೇಕಾಗುತ್ತದೆ. ದಾನಿಯೇಲನನ್ನು ನೋಡಿ. ದೇವರಿಗೆ ಪ್ರಾರ್ಥಿಸಬಾರದೆಂದು ರಾಜಾಜ್ಞೆ ಹೊರಟ ಮೇಲೂ ಅವನು ಎಂದಿನಂತೆ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಸಿಂಹದ ಗವಿಯ ಎದುರು ಅವನು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ.

ಮನೆ ಒಂದೇ ಕೋಣೆಯದಾದರೆ ಮನೆಯವರಿಗೆ ಹೇಳಿಬಿಡಿ, "ಈ ಹದಿನೈದು ನಿಮಿಷ ನನ್ನನ್ನು ಕರೆಯಬೇಡಿ" ಎಂದು. ಫೋನು ಮುಟ್ಟುವ ಮೊದಲೇ ಆಗಲಿ. ರಾತ್ರಿಪಾಳಿ ಇದ್ದವರು ಮನೆಗೆ ಬಂದು ಮಲಗುವ ಮುಂಚೆ ಕೂರಿ; ಪಾಳಿ ಬದಲಾದ ವಾರ ಹೊತ್ತೂ ಬದಲಾಗಲಿ, ತಪ್ಪಿಲ್ಲ. ರಾತ್ರಿ ಊಟವಾದ ಮೇಲೆ ಅಪ್ಪ ಅಮ್ಮ ಮಾಡುವ ಮನೆಪ್ರಾರ್ಥನೆಗೂ ಬಂದು ಕೂರಿ. ಅವರು ನಿಮ್ಮ ಹೆಸರನ್ನು ದೇವರ ಮುಂದೆ ಹೇಗೆ ಹೇಳುತ್ತಾರೆಂದು ಕಿವಿಯಾರೆ ಕೇಳಿ.

ನಾಳೆಯಿಂದಲೇ ಶುರುಮಾಡಿ. ಬೆಳಿಗ್ಗೆ ಐದೂವರೆಗೆ ನಾನೂ ಪ್ರಾರ್ಥನೆಗೆ ಎದ್ದಿರುತ್ತೇನೆ. ಯಾರಿಗಾಗಿ ಪ್ರಾರ್ಥಿಸಬೇಕೋ ಆ ಹೆಸರುಗಳನ್ನು ಭಾನುವಾರ ಆರಾಧನೆ ಮುಗಿದ ಮೇಲೆ ನನಗೆ ಬರೆದುಕೊಡಿ.